ಬಂದವರಿಗೆ ಕೊಟ್ಟ ನೀರು

ಗೋಡೆ ಹಿಂದಿನ ಸಾಲಿನಲ್ಲಿ ನೀರಿಗೆ ಮೂರು ಹೆಸರಿದ್ದವು. ನಲ್ಲಿ ಬಿಟ್ಟ ಕೂಡಲೇ ಬರುವುದು ಡಿಕಾಕ್ಷನ್. ಹತ್ತು ನಿಮಿಷ ಕಳೆದ ಮೇಲೆ ಬರುವುದು ಟೀ. ಇನ್ನೇನು ನಿಂತೇಹೋಗುತ್ತದೆ ಅನ್ನುವಾಗ ಬರುವುದು ನೀರು. ಹಳೆಯ ಗೋದಾಮಿನ ಗೋಡೆಗೂ ದೊಡ್ಡ ಮೋರಿಗೂ ನಡುವೆ ಒತ್ತಿಕೊಂಡು ನಿಂತ ನಲವತ್ತು ತಗಡಿನ ಮನೆಗಳಿಗೆ ಇದ್ದದ್ದು ಒಂದೇ ನಲ್ಲಿ. ಮೂರು ದಿನಕ್ಕೊಮ್ಮೆ, ಮುಕ್ಕಾಲು ಗಂಟೆ. ಅದಕ್ಕೆ ಬರುವ ಪೈಪು ಮೋರಿಯೊಳಗೇ ಹತ್ತು ಹೆಜ್ಜೆ ಮುಳುಗಿಕೊಂಡು ಬರುತ್ತಿತ್ತು. ನೀರು ಬಿಟ್ಟಾಗ ಆ ಜಾಗದಲ್ಲಿ ಗುಳುಗುಳು ಗುಳ್ಳೆ ಏಳುವುದನ್ನು ಎಲ್ಲರೂ ನೋಡಿದ್ದರು. ನೀರು ನಿಂತ ಮೇಲೆ ಆ ತೂತು ಏನನ್ನು ಒಳಗೆ ಎಳೆದುಕೊಳ್ಳುತ್ತದೆ ಎಂಬುದನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಸಾಲಿನ ಮೊದಲ ಮನೆಯವಳನ್ನು ಎಲ್ಲರೂ ಕ್ಯಾಂಟೀನಕ್ಕ ಎಂದು ಕರೆಯುತ್ತಿದ್ದರು. ನಗರಸಭೆ ಕಚೇರಿಯ ನೆಲಮಹಡಿಯಲ್ಲಿದ್ದ ಕ್ಯಾಂಟೀನಿನಲ್ಲಿ ಅವಳು ಹನ್ನೊಂದು ವರ್ಷದಿಂದ ತಟ್ಟೆ ತೊಳೆಯುತ್ತಿದ್ದಳು. ಗಂಡ ಬೇರೆ ಊರುಗಳಲ್ಲಿ ಕಟ್ಟಡ ಕಟ್ಟುತ್ತಾ ಅಲೆಯುವವನು. ಮನೆಗೆ ವರ್ಷಕ್ಕೊಮ್ಮೆ ಬರುವ ನೆಂಟ. ಉಳಿದವಳು ಏಳನೇ ತರಗತಿಯಲ್ಲಿದ್ದ ಮಗಳು. ಮಾತು ಕಡಿಮೆ, ಕಣ್ಣು ದೊಡ್ಡದು.

ಆ ಕಣ್ಣುಗಳು ಹೋದ ವರ್ಷ ಅರಿಸಿನದ ಬಣ್ಣಕ್ಕೆ ತಿರುಗಿದ್ದವು. ಕಾಮಾಲೆ. ಆಸ್ಪತ್ರೆಯಲ್ಲಿ ಹದಿನೆಂಟು ದಿನ. ಮನೆಗೆ ಕಳಿಸುವಾಗ ಡಾಕ್ಟರು ಚೀಟಿಯ ಹಿಂದೆ ಒಂದೇ ಒಂದು ಮಾತು ಬರೆದು, ಕೆಳಗೆ ಎರಡು ಗೆರೆ ಎಳೆದಿದ್ದರು: ಶುದ್ಧ ನೀರು. "ಇನ್ನೊಂದು ಸಲ ಬಂದ್ರೆ ಈ ಮಗು ತಡ್ಕೊಳಲ್ಲಮ್ಮ, ಅರ್ಥ ಆಯ್ತಾ?" ಎಂದು ಕೇಳಿದ್ದರು. ಅರ್ಥವಾಗದ ಮಾತೇನೂ ಅದಾಗಿರಲಿಲ್ಲ.

ಮೊದಮೊದಲು ಅವಳು ನಲ್ಲಿಯ ನೀರನ್ನೇ ಕುದಿಸಿ ಕೊಟ್ಟಳು. ಕುದಿಸಿದರೆ ಕ್ರಿಮಿ ಸಾಯುತ್ತಿತ್ತೇನೋ, ವಾಸನೆ ಸಾಯುತ್ತಿರಲಿಲ್ಲ. ಮಗಳು ಕುಡಿದು, ಗೋಡೆ ಹಿಡಿದು ವಾಂತಿ ಮಾಡಿಕೊಳ್ಳುತ್ತಿದ್ದಳು. ಆಗ ಕ್ಯಾಂಟೀನಿನ ಮೂಲೆಯಲ್ಲಿದ್ದ ದೊಡ್ಡ ಫಿಲ್ಟರ್ ಅವಳ ಕಣ್ಣಿಗೆ ಬಿತ್ತು. ಹನ್ನೊಂದು ವರ್ಷ ನೋಡುತ್ತಲೇ ಇದ್ದದ್ದು, ಆವತ್ತು ಬಿತ್ತು. ಸಂಜೆ ಕೆಲಸ ಮುಗಿದ ಮೇಲೆ ನಾಲ್ಕು ಬಾಟಲಿ ತುಂಬಿ, ಚೀಲದ ತಳಕ್ಕಿಟ್ಟು, ಮೇಲೆ ಒದ್ದೆ ಸೀರೆ ಮುಚ್ಚಿ ಹೊರಟಳು. ಕ್ಯಾಂಟೀನಿನಿಂದ ಒಂದು ಉಪ್ಪಿನ ಹರಳೂ ಹೊರಗೆ ಹೋಗಬಾರದೆಂಬ ನಿಯಮ ಗೋಡೆಯ ಮೇಲೇ ಬರೆದಿತ್ತು. ಮೇಲ್ವಿಚಾರಕ ಚೀಲ ನೋಡಿದ, ಅವಳ ಮುಖ ನೋಡಿದ, ಆಮೇಲೆ ಕಿಟಕಿ ನೋಡಿದ.

"ನಾನೇನೂ ನೋಡಿಲ್ಲಮ್ಮ," ಎಂದ.

ಅಂದಿನಿಂದ ಹದಿನಾಲ್ಕು ತಿಂಗಳು ಅವನು ಕಿಟಕಿಯನ್ನೇ ನೋಡುತ್ತಿದ್ದ. ಅವಳ ಬಲ ಭುಜ ಎಡಕ್ಕಿಂತ ಒಂದು ಬೆರಳು ತಗ್ಗಿತು. ಮಗಳ ಕಣ್ಣು ಬೆಳ್ಳಗಾಯಿತು.

ಆ ನಾಲ್ಕು ಬಾಟಲಿ ಸಾಲಿಗೆಲ್ಲ ಗೊತ್ತಿತ್ತು. ಯಾರೂ ಕೇಳುತ್ತಿರಲಿಲ್ಲ, ಮಗುವಿನ ಔಷಧಿಗೆ ಯಾರು ಕೈಚಾಚುತ್ತಾರೆ? ಆದರೆ ಮನೆಗೆ ಯಾರಾದರೂ ಬಂದಾಗಿನ ಮಾತು ಬೇರೆ. ಹೆಣ್ಣು ನೋಡಲು ಬಂದವರು, ಶಾಲೆಯ ಟೀಚರು, ದೂರದಿಂದ ಬಂದ ಅಣ್ಣ-ಅತ್ತಿಗೆ. ಅಂಥವರ ಕೈಗೆ ಟೀ ಬಣ್ಣದ ನೀರು ಕೊಡುವುದು ಹೇಗೆ? ಆಗ ಪಕ್ಕದ ಮನೆಯ ಟೈಲರ್ ಹೆಂಡತಿ ಸೆರಗಿನ ಮರೆಯಲ್ಲಿ ಲೋಟ ಹಿಡಿದು ಬರುತ್ತಿದ್ದಳು. "ಅಕ್ಕಾ, ಬಂದವರ ನೀರು ಒಂದು ಲೋಟ ಕೊಡೇ." ಬಂದವರ ನೀರು ಎಂದರೆ ಆ ಬಾಟಲಿಯ ನೀರು. ಹೀಗೆ ಅದಕ್ಕೂ ಒಂದು ಹೆಸರು ಬಿದ್ದಿತ್ತು.

ಸರ್ವೆಯ ಹುಡುಗಿ ಬಂದದ್ದು ಒಂದು ರಜೆಯ ದಿನ ಬೆಳಿಗ್ಗೆ. ತೆಳ್ಳಗೆ, ಇಸ್ತ್ರಿ ಮಾಡಿದ ಬಟ್ಟೆ, ಕೈಯಲ್ಲಿ ಫಾರಂಗಳ ಕಟ್ಟು, ಹೆಗಲಿಗೆ ಒಂದು ಪುಟ್ಟ ಪೆಟ್ಟಿಗೆ. ನಗರಸಭೆಯಿಂದ ಬಂದಿದ್ದೇನೆ, ನೀರಿನ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು ಎಂದಳು. ಯೋಜನೆ ಇಷ್ಟು: ಮೋರಿಯ ಮೇಲಿಂದ ಹಾಯುವ ಹೊಸ ಪೈಪು, ನಾಲ್ಕು ಮನೆಗೊಂದು ನಲ್ಲಿ. ಮೂರು ಕೇರಿಗಳು ಕಾಯುತ್ತಿದ್ದವು, ಎರಡಕ್ಕೆ ಮಾತ್ರ ಮಂಜೂರಾಗಿತ್ತು. ಯಾವ ಎರಡು ಎಂಬುದು ಈ ಸರ್ವೆಯಿಂದ ತೀರ್ಮಾನವಾಗುತ್ತದೆ ಎಂಬ ಸುದ್ದಿ ಹುಡುಗಿಗಿಂತ ಮೊದಲೇ ಸಾಲಿಗೆ ಬಂದಿತ್ತು. ಆರು ಮನೆಗಳನ್ನು ಆರಿಸಿಕೊಂಡಿದ್ದರು. ಆದರೆ ಅಭಿಪ್ರಾಯವನ್ನು ನಲವತ್ತು ಮನೆಯವರೂ ಕೊಟ್ಟರು, ಕೇಳದಿದ್ದರೂ.

"ನಗರಸಭೆ ನೀರಿನ ಸೇವೆ ನಿಮಗೆ ತುಂಬಾ ತೃಪ್ತಿ, ತೃಪ್ತಿ, ಪರವಾಗಿಲ್ಲ, ಅತೃಪ್ತಿ, ತುಂಬಾ ಅತೃಪ್ತಿ. ಯಾವುದಾದ್ರೂ ಒಂದು ಹೇಳಿ," ಎಂದು ಹುಡುಗಿ ಓದಿದಳು.

"ಅದಕ್ಕಿಂತ ಕೆಳಗೆ ಏನೂ ಇಲ್ವಾ?" ಎಂದಳು ಟೈಲರ್ ಹೆಂಡತಿ.

"ಇಲ್ಲ ಆಂಟಿ, ಅದೇ ಕೊನೆ."

"ಹಾಗಾದ್ರೆ ಅದನ್ನೇ ಎರಡು ಸಲ ಬರ್ಕೊಳಮ್ಮ."

ಕೊನೆಮನೆ ಅಜ್ಜಿ ಹುಡುಗಿಯ ಕೈ ಹಿಡಿದು ಕೂರಿಸಿಕೊಂಡಳು. "ನನ್ನ ಅಭಿಪ್ರಾಯ ಏನು ಅಂತ ನನ್ನ ಗಂಡನೂ ಒಂದು ದಿನ ಕೇಳ್ಲಿಲ್ಲ ಕಣೇ. ನೀನು ಕೇಳ್ತಿದ್ದೀಯ. ಆತುರ ಮಾಡ್ಬೇಡ, ಸಾವಕಾಶವಾಗಿ ಹೇಳ್ತೀನಿ."

"ಅಜ್ಜಿ, ಒಂದು ನಂಬರು ಹೇಳಿದ್ರೆ ಸಾಕು."

"ನಂಬರಲ್ಲಿ ಹೇಳೋವಷ್ಟು ಓದಿಲ್ಲಮ್ಮ ನಾನು."

ಸಾಲಿಗೆ ಸಾಲೇ ನಕ್ಕಿತು. ಮನಸ್ಸಿನಲ್ಲಿ ವರ್ಷಗಟ್ಟಲೆ ಕಟ್ಟಿಕೊಂಡದ್ದನ್ನೆಲ್ಲ ಆಡಿ ಮುಗಿಸಿದ ಹಗುರ ಅದರಲ್ಲಿತ್ತು. ಕ್ಯಾಂಟೀನಕ್ಕನೂ ನಕ್ಕಳು. ಪೈಪಿನ ತೂತು, ಆಸ್ಪತ್ರೆಯ ಹದಿನೆಂಟು ದಿನ, ಎರಡು ಗೆರೆ ಎಳೆದ ಚೀಟಿ, ಎಲ್ಲವನ್ನೂ ಅವಳು ಹೇಳಿದ್ದಳು. ಬಾಟಲಿಯ ವಿಷಯ ಒಂದನ್ನು ಬಿಟ್ಟು.

ಪ್ರಶ್ನೆಗಳು ಮುಗಿದ ಮೇಲೆ ಹುಡುಗಿ ಪೆಟ್ಟಿಗೆಯಿಂದ ಒಂದು ಪುಟ್ಟ ಗಾಜಿನ ಶೀಸೆ ತೆಗೆದಳು. "ಆಂಟಿ, ನೀವು ಮನೇಲಿ ಕುಡಿಯೋ ನೀರು ಒಂದು ಲೋಟ ತಂದುಕೊಡ್ತೀರಾ? ಟೆಸ್ಟಿಗೆ."

ಕ್ಯಾಂಟೀನಕ್ಕ ಒಳಗೆ ಹೋದಳು. ಬಾಗಿಲ ಬಲಕ್ಕೆ ನೀಲಿ ಡ್ರಮ್ಮು, ಅದರಲ್ಲಿ ನಲ್ಲಿಯ ನೀರು. ಎಡಕ್ಕೆ ಹಲಗೆಯ ಮೇಲೆ ಬಾಟಲಿ. ಅವಳು ಯೋಚಿಸಲಿಲ್ಲ. ಯೋಚಿಸಿದ್ದರೆ ಬೇರೆಯಾಗುತ್ತಿತ್ತೇನೋ ಎಂದು ಆಮೇಲೆ ಎಷ್ಟೋ ಸಲ ಅನ್ನಿಸಿತು. ಆದರೆ ಹೊಸಿಲಲ್ಲಿ ಒಬ್ಬ ಹೊರಗಿನವಳು ಕೂತಿದ್ದಾಳೆ, ಒಂದು ಲೋಟ ನೀರು ಕೇಳಿದ್ದಾಳೆ; ಕೈ ತಾನಾಗಿ ಎಡಕ್ಕೆ ಹೋಯಿತು. ಇಸ್ತ್ರಿಯ ಬಟ್ಟೆ ತೊಟ್ಟವಳ ಮುಂದೆ ಡ್ರಮ್ಮಿನ ನೀರು ಹಿಡಿಯುವುದು ಹರಿದ ಒಳಬಟ್ಟೆ ತೋರಿಸಿದಂತೆ. ಅವಳು ಲೋಟವನ್ನು ಸೆರಗಿನಿಂದ ಒರೆಸಿ, ಬಾಟಲಿಯ ನೀರು ತುಂಬಿ, ಎರಡೂ ಕೈಯಿಂದ ಕೊಟ್ಟಳು.

ಹುಡುಗಿ ಅದನ್ನು ಕುಡಿಯಲಿಲ್ಲ. ಶೀಸೆಗೆ ಸುರಿದು, ಚೀಟಿ ಅಂಟಿಸಿದಳು.

ಹಿಂದೆಯೇ ಟೈಲರ್ ಹೆಂಡತಿ ಹಿತ್ತಲಿನಿಂದ ಬಂದಳು, ಸೆರಗಿನ ಮರೆಯಲ್ಲಿ ಲೋಟ. "ಅಕ್ಕಾ, ನಮ್ಮನೆಗೂ ಬರ್ತಾಳಂತೆ. ಬಂದವರ ನೀರು ಒಂದು ಲೋಟ." ಆಮೇಲೆ ಇಸ್ತ್ರಿ ಅಂಗಡಿಯವನ ತಂಗಿ. ಆಮೇಲೆ ಇನ್ನಿಬ್ಬರು. ಕೊನೆಗೆ ಅಜ್ಜಿಯ ಪರವಾಗಿ ಯಾರೋ ಬಂದರು. ಕ್ಯಾಂಟೀನಕ್ಕ ಇಲ್ಲವೆನ್ನಲಿಲ್ಲ. ಬೈದದ್ದೂ ಉಂಟು, "ನಲವತ್ತು ಮನೆಗೆ ನಾನೊಬ್ಬಳೇ ಮೋರಿ ದಾಟಿ ಹೊರ್ಬೇಕಾ?" ಎಂದು, ಬೈಯುತ್ತಲೇ ತುಂಬಿಕೊಟ್ಟಳು. ಹುಡುಗಿಯ ಪೆಟ್ಟಿಗೆಯಲ್ಲಿ ಆರು ಶೀಸೆಗಳು ಒಂದರ ಪಕ್ಕ ಒಂದು ಕಣ್ಣಿನಷ್ಟು ತಿಳಿಯಾಗಿ ನಿಂತವು.

ಒಂದು ತಿಂಗಳು ಕಳೆಯಿತು. ಕ್ಯಾಂಟೀನಿನಲ್ಲಿ ಮಧ್ಯಾಹ್ನದ ಊಟದ ಹೊತ್ತು. ಕಿಟಕಿ ಪಕ್ಕದ ಮೇಜಿನಲ್ಲಿ ಎಂಜಿನಿಯರೊಬ್ಬರು ಪಕ್ಕದವರಿಗೆ ಏನೋ ಓದಿ ಹೇಳಿ ನಗುತ್ತಿದ್ದರು. ಎಂಜಲು ತಟ್ಟೆ ಎತ್ತಲು ಹೋದ ಕ್ಯಾಂಟೀನಕ್ಕನ ಕಿವಿಗೆ 'ಗೋಡೆ ಹಿಂದಿನ ಸಾಲು' ಎಂಬ ಮಾತು ಬಿತ್ತು.

"ಆರಕ್ಕೆ ಆರೂ ಮನೆ ತುಂಬಾ ಅತೃಪ್ತಿ ಅಂತೆ. ಬಾಯಿಗೆ ಬಂದಂಗೆ ಬೈದಿದ್ದಾರೆ. ನೀರು ಟೆಸ್ಟ್ ಮಾಡಿದ್ರೆ ಆರಕ್ಕೆ ಆರೂ ಪಾಸು! ನಮ್ಮನೆ ನೀರೂ ಇಷ್ಟು ಚೆನ್ನಾಗಿಲ್ಲ ಮಾರಾಯ."

"ಕೆಲವರಿಗೆ ದೂರೋದೇ ಅಭ್ಯಾಸ ಬಿಡಿ ಸರ್."

"ಹಾಗಂತ ಬರೆಯೋಕಾಗಲ್ವಲ್ಲ. ನೋಡು, ಹೀಗೆ ಬರೆದಿದ್ದೀನಿ: ನಿವಾಸಿಗಳ ಅಭಿಪ್ರಾಯಕ್ಕೂ ನೀರಿನ ಗುಣಮಟ್ಟಕ್ಕೂ ಸಂಬಂಧ ಕಂಡುಬರುವುದಿಲ್ಲ." ಅವರು ಲೋಟ ಎತ್ತಿ ಗಟಗಟ ಕುಡಿದರು. "ಪೈಪು ಬೇರೆ ಎರಡು ಕೇರಿಗೆ ಹೋಗುತ್ತೆ."

ಕ್ಯಾಂಟೀನಕ್ಕ ತಟ್ಟೆ ಹಿಡಿದುಕೊಂಡು ನಿಂತೇ ಇದ್ದಳು. ಎಂಜಿನಿಯರು ತಲೆಯೆತ್ತಿ, "ಏನಮ್ಮ?" ಎಂದರು. ಹನ್ನೊಂದು ವರ್ಷ ಅವರ ತಟ್ಟೆ ತೊಳೆದಿದ್ದಳು. ಅವರು ಅವಳನ್ನು ಏನನ್ನಾದರೂ ಕೇಳಿದ್ದು ಅದೇ ಮೊದಲು. ಅವರ ಮುಂದಿದ್ದ ಖಾಲಿ ಲೋಟ ನೋಡಿದಳು. ಅದೂ ಅದೇ ಫಿಲ್ಟರಿನ ನೀರು.

"ಏನಿಲ್ಲ ಸರ್," ಎಂದಳು.

ಎರಡು ದಿನ ಆ 'ಏನಿಲ್ಲ' ಅವಳನ್ನು ಹಿಂಡಿತು. ಮೂರನೇ ದಿನ ಸರ್ವೆಯ ಹುಡುಗಿ ಒಬ್ಬಳೇ ಊಟಕ್ಕೆ ಬಂದಾಗ, ಕೈ ಒರೆಸಿಕೊಂಡು ಎದುರು ಹೋಗಿ ನಿಂತಳು.

"ಅಮ್ಮಾ, ಆ ನೀರು ನಮ್ಮ ನಲ್ಲೀದಲ್ಲ."

ಹುಡುಗಿ ತುತ್ತು ಕೆಳಗಿಟ್ಟಳು. ಆಮೇಲೆ, "ಗೊತ್ತು ಆಂಟಿ," ಎಂದಳು. "ಮೂರನೇ ಮನೇಲೇ ಗೊತ್ತಾಯ್ತು. ಬಾಗಿಲ ಸಂದಿಯಿಂದ ಡ್ರಮ್ಮಿನ ನೀರು ಕಾಣ್ತಿತ್ತು."

"ಮತ್ತೆ ಯಾಕೆ ಸುಮ್ಮನಿದ್ರಿ?"

"ಕುಡಿಯೋ ನೀರು ಕೊಡಿ ಅಂತ ಕೇಳ್ಬೇಕು, ಕೊಟ್ಟಿದ್ದನ್ನ ತಗೋಬೇಕು. ಎಲ್ಲಿಂದ ತಂದ್ರಿ ಅನ್ನೋ ಪ್ರಶ್ನೆ ಫಾರಂನಲ್ಲಿ ಇರ್ಲಿಲ್ಲ." ಹುಡುಗಿ ತಟ್ಟೆಯನ್ನೇ ನೋಡುತ್ತಿದ್ದಳು. "ಅಷ್ಟು ಪ್ರೀತಿಯಿಂದ ಎರಡು ಕೈಯಲ್ಲಿ ಕೊಟ್ರಿ. ಇದು ಬೇಡ, ಆ ಕೊಳಕು ನೀರು ಕೊಡಿ ಅಂತ ಬಾಯಿ ಬರ್ಲಿಲ್ಲ ಆಂಟಿ."

ಇಬ್ಬರ ನಡುವೆ ಆ ಮಾತು ತಣ್ಣಗಾಗುತ್ತಿದ್ದ ಅನ್ನದ ಹಾಗೆ ಬಿದ್ದಿತ್ತು. ಕೊನೆಗೆ ಹುಡುಗಿ ದಾರಿ ಹೇಳಿದಳು. ಅರ್ಜಿ ಕೊಡಬೇಕು. ಟೆಸ್ಟಿಗೆ ಕೊಟ್ಟ ನೀರು ನಲ್ಲಿಯದಲ್ಲ, ಇಂಥ ಕಡೆಯಿಂದ ತಂದದ್ದು ಎಂದು ಬರೆದು ಸಹಿ ಹಾಕಬೇಕು. ಇಂಥ ಕಡೆ ಎಂಬುದನ್ನು ಬರೆಯದಿದ್ದರೆ ಅರ್ಜಿ ನಿಲ್ಲುವುದಿಲ್ಲ.

ಆ ಸಂಜೆ ಒಣಗಿದ ನಲ್ಲಿಯ ಸುತ್ತ ಆರೂ ಮನೆಯವರು ಸೇರಿದರು. ಟೈಲರ್ ಹೆಂಡತಿ ಹೇಳಿದಳು, "ಅಂಗಡೀಲಿ ಕೊಂಡದ್ದು ಅಂತ ಬರೆದುಬಿಡೋಣ ಕಣಕ್ಕ. ಯಾರು ನೋಡ್ತಾರೆ?"

"ಅದನ್ನೂ ಕೇಳ್ದೆ," ಎಂದಳು ಕ್ಯಾಂಟೀನಕ್ಕ. "ಕೊಂಡು ಕುಡಿಯೋರನ್ನ ಬೇರೆ ಪಟ್ಟೀಲಿ ಹಾಕ್ತಾರಂತೆ. ಅವರಿಗೆ ಪೈಪು ಕೊನೇಗೆ."

ಮೋರಿಯ ಕಡೆಯಿಂದ ಬೆಚ್ಚನೆಯ ವಾಸನೆ ಬರುತ್ತಿತ್ತು. ಕೊನೆಮನೆ ಅಜ್ಜಿ ಕಟ್ಟೆಯ ಮೇಲೆ ಕೂತು, ನೀರು ಸೋಸಲೆಂದು ನಲ್ಲಿಯ ಬಾಯಿಗೆ ಕಟ್ಟಿದ ಬಟ್ಟೆಯನ್ನು ಬಿಚ್ಚಿ ಹಿಂಡಿ ಮತ್ತೆ ಕಟ್ಟಿದಳು. ಬಿಳಿಯದಾಗಿದ್ದ ಬಟ್ಟೆ ಕಂದು ಬಣ್ಣಕ್ಕೆ ತಿರುಗಿತ್ತು.

"ಬರೀಬೇಡ ಕಣೇ," ಎಂದಳು ಅಜ್ಜಿ. "ಬರೆದ್ರೆ ನಿನ್ನ ಮಗಳ ನೀರು ನಾಳೇನೇ ಹೋಗುತ್ತೆ. ಪೈಪು ಬರೋದು ಯಾವತ್ತೋ, ಬರುತ್ತೋ ಇಲ್ವೋ. ನಮ್ಮ ಮಾನ ಮುಚ್ಚೋಕೆ ನೀರು ಕೊಟ್ಟೆ. ತಪ್ಪು ನಮ್ಮದು."

ಟೈಲರ್ ಹೆಂಡತಿ ಬೇರೆ ಕಡೆ ಮುಖ ತಿರುಗಿಸಿದಳು. ಅವಳ ಸೊಂಟದ ಮೇಲಿದ್ದ ಎರಡು ವರ್ಷದ ಕೂಸಿಗೆ ಮೂರು ದಿನದಿಂದ ಭೇದಿ. ಬರಿ ಎಂದು ಅವಳು ಹೇಳಲಿಲ್ಲ. ಬರೀಬೇಡ ಎಂದೂ ಹೇಳಲಿಲ್ಲ. ಕೂಸಿನ ಒಣಗಿದ ತುಟಿಯನ್ನು ಸೆರಗಿನಿಂದ ಒರೆಸುತ್ತಾ ನಿಂತಿದ್ದಳು. ಅಜ್ಜಿಯ ಅಷ್ಟೂ ಮಾತಿಗಿಂತ ಆ ಮೌನ ಕ್ಯಾಂಟೀನಕ್ಕನಿಗೆ ಹೆಚ್ಚು ಕೇಳಿಸಿತು.

ಅರ್ಜಿ ಬರೆಯುವುದಕ್ಕೆ ಮನೆಯಲ್ಲಿ ಅಕ್ಷರ ಚೆನ್ನಾಗಿದ್ದದ್ದು ಮಗಳದು. ತಾಯಿ ಹೇಳುತ್ತಾ ಹೋದಳು, ಮಗಳು ನೆಲದ ಮೇಲೆ ಬಗ್ಗಿ ಬರೆಯುತ್ತಾ ಹೋದಳು. 'ಮಾನ್ಯರೇ' ಆಯಿತು. ಆರು ಮನೆಗಳ ಸಂಖ್ಯೆ ಆಯಿತು. "ಸದರಿ ನೀರನ್ನು ನಾನು," ಎಂಬಲ್ಲಿಗೆ ತಾಯಿ ನಿಂತಳು. ಮಗಳು ಪೆನ್ನು ಕಾಗದದ ಮೇಲೇ ಇಟ್ಟುಕೊಂಡು ಕಾದಳು. ಪೆನ್ನಿನ ತುದಿಯ ಕೆಳಗೆ ಒಂದು ನೀಲಿ ಚುಕ್ಕಿ ದೊಡ್ಡದಾಗುತ್ತಿತ್ತು.

"ಕ್ಯಾಂಟೀನಿಂದ," ಎಂದಳು ಮಗಳೇ. "ದಿನಾಲೂ ಅಂತ ಬರೀಲಾಮ್ಮ, ಅಥವಾ ಆವತ್ತೊಂದೇ ದಿನ ಅಂತಾನಾ?"

ತಾಯಿ ಹಲಗೆಯ ಮೇಲಿನ ಬಾಟಲಿಯ ಕಡೆ ನೋಡಿದಳು. ಮಗಳು ಇನ್ನೊಂದು ಸಲ ಕೇಳಲಿಲ್ಲ. 'ದಿನಾಲೂ' ಎಂದು ಬರೆದು ಪೂರ್ಣವಿರಾಮ ಹಾಕಿದಳು. ಅರ್ಧ ಸುಳ್ಳು ಹೇಳಿ ಅರ್ಧ ನೀರು ಉಳಿಸಿಕೊಳ್ಳುವ ದಾರಿ ಇದ್ದಿದ್ದರೆ ಅದು ಅಲ್ಲಿಗೆ ಮುಚ್ಚಿತು. ತಾಯಿ ಸಹಿ ಹಾಕಿದಳು. ಅವತ್ತು ಬಾಟಲಿಯಲ್ಲಿ ಉಳಿದಿದ್ದ ನೀರನ್ನು ಮಗಳು ಒಂದೊಂದೇ ಗುಟುಕಾಗಿ ಕುಡಿದಳು. ಲೋಟ ಬರಿದಾದ ಮೇಲೂ ಬಾಯಿಂದ ತೆಗೆಯಲಿಲ್ಲ.

ಅರ್ಜಿ ಮೇಲಿನ ಮಹಡಿಗೆ ಹೋಗಿ ಕೆಳಗಿನ ಮಹಡಿಗೆ ಇಳಿಯಲು ನಾಲ್ಕೇ ದಿನ ಸಾಕಾಯಿತು. ಮೇಲ್ವಿಚಾರಕ ಅವಳನ್ನು ಒಲೆಯ ಹಿಂದಕ್ಕೆ ಕರೆದ. ಅವನ ಮುಖ ಸಣ್ಣಗಾಗಿತ್ತು.

"ಬಾಯಲ್ಲಿದ್ದಷ್ಟು ದಿನ ನಾನು ನೋಡಿಲ್ಲ ಅಂದೆ. ಕಾಗದದ ಮೇಲೆ ಬಂದ್ಮೇಲೆ ಹಾಗನ್ನೋಕಾಗುತ್ತಾ? ನಿನ್ನ ಕೆಲ್ಸ ಹೋಗದೇ ಇರೋ ಹಾಗೆ ನೋಡ್ಕೊಂಡಿದ್ದೀನಿ. ಅಷ್ಟೇ ನನ್ನ ಕೈಲಾಗೋದು, ತಂಗಿ."

ಹನ್ನೊಂದು ವರ್ಷದಲ್ಲಿ ಅವನು ತಂಗಿ ಎಂದದ್ದು ಅಂದೇ. ಸಂಜೆಯಿಂದ ಗೇಟಿನಲ್ಲಿ ಎಲ್ಲರ ಚೀಲ ಬಿಚ್ಚಿಸಿ ನೋಡತೊಡಗಿದರು. ಜೊತೆಯ ಕೆಲಸದವರು ಅವಳ ಕಡೆ ನೋಡದೆ ಸಾಲಾಗಿ ಚೀಲ ಬಿಚ್ಚಿದರು. ಅವರ ಚೀಲಗಳಲ್ಲೂ ಏನೇನೋ ಇರುತ್ತಿತ್ತು, ಅದೂ ಈಗ ನಿಂತಿತು. ಹಗಲೆಲ್ಲ ನಲ್ಲಿ ತಿರುಗಿಸಿದರೆ ಸುರಿಯುವ ತಿಳಿನೀರಿನಲ್ಲಿ ಅವಳು ಎಂಜಲು ತಟ್ಟೆ ತೊಳೆಯುತ್ತಿದ್ದಳು. ಸಂಜೆ ಖಾಲಿ ಚೀಲ ಹೊತ್ತು ನಡೆಯುವಾಗ ಹಗುರಾದ ಭುಜ ಅವಳಿಗೆ ನೋಯುತ್ತಿತ್ತು.

ಮತ್ತೆ ಕುದಿಸುವುದು ಶುರುವಾಯಿತು. ಬೆಳಿಗ್ಗೆ ಎದ್ದು, ಡ್ರಮ್ಮಿನ ನೀರನ್ನು ನಾಲ್ಕು ಮಡಿಕೆಯ ಬಟ್ಟೆಯಲ್ಲಿ ಸೋಸಿ, ಇಪ್ಪತ್ತು ನಿಮಿಷ ಕುದಿಸಿ, ಆರಲು ಬಿಟ್ಟು, ತಳದ ಗಸಿ ಕದಡದಂತೆ ಮೇಲಿನದನ್ನು ಬಗ್ಗಿಸಿದರೆ ಒಂದು ಬಾಟಲಿ. ಮಗಳ ಒಂದು ದಿನಕ್ಕೆ ಅಷ್ಟೇ. ಮಗಳು ಮೂಗು ಹಿಡಿದು ಕುಡಿದಳು. ಈ ಸಲ ವಾಂತಿ ಮಾಡಿಕೊಳ್ಳಲಿಲ್ಲ. ಮಾಡಿಕೊಳ್ಳದ ಹಾಗೆ ಹಿಡಿದುಕೊಳ್ಳುವುದನ್ನು ಕಲಿತಿದ್ದಳು. ದಿನಾ ಬೆಳಿಗ್ಗೆ ಅವಳನ್ನು ಬಾಗಿಲ ಬೆಳಕಿಗೆ ಕರೆದು, ಕೆಳಗಿನ ರೆಪ್ಪೆ ಜಗ್ಗಿ, ಕಣ್ಣಿನ ಬಣ್ಣ ನೋಡುವುದು ತಾಯಿಗೆ ಹೊಸ ಕೆಲಸವಾಯಿತು.

ಮೂರು ವಾರದ ಮೇಲೆ ಮರುಪರೀಕ್ಷೆಗೆ ಬಂದದ್ದು ಬೇರೆ ಮನುಷ್ಯ. ಪ್ರಯೋಗಾಲಯದ ಸಹಾಯಕನಂತೆ, ವಯಸ್ಸಾದವನು, ಬಡಕಲು, ಅದೇ ಥರದ ಪೆಟ್ಟಿಗೆ. ಸುಡುಬಿಸಿಲು. ಈ ಬಾರಿ ಯಾರೂ ಅಭಿಪ್ರಾಯ ಹೇಳಲಿಲ್ಲ, ಅವನೂ ಕೇಳಲಿಲ್ಲ. ಆರು ಹೊಸಿಲುಗಳ ಮೇಲೆ ಆರು ಲೋಟಗಳು ಮೊದಲೇ ಬಂದು ಕೂತಿದ್ದವು. ಒಂದರಲ್ಲಿ ಡಿಕಾಕ್ಷನ್, ಉಳಿದವುಗಳಲ್ಲಿ ಟೀ. ಟೈಲರ್ ಹೆಂಡತಿ ಲೋಟ ಇಟ್ಟು ಒಳಗೆ ಹೋಗಿ ಕದ ಮುಂದೆ ಮಾಡಿಕೊಂಡಿದ್ದಳು. ಕೊನೆಮನೆ ಅಜ್ಜಿ ಲೋಟದ ಪಕ್ಕ ಕೂತು, ಅವನು ಅದನ್ನು ಸುರಿದುಕೊಳ್ಳುವಾಗ ಮೋರಿಯ ಕಡೆ ನೋಡುತ್ತಿದ್ದಳು. ಹುಟ್ಟಿದಾಗಿನಿಂದ ಮುಚ್ಚಿಟ್ಟದ್ದನ್ನು ಬಿಚ್ಚಿ ತೋರಿಸಿದಂತೆ ಇಡೀ ಸಾಲು ತಲೆ ತಗ್ಗಿಸಿತ್ತು.

ಸಾಲಿನ ಆ ತುದಿಯಿಂದ ಶುರುಮಾಡಿದವನಿಗೆ ಆರನೆಯದು ಕ್ಯಾಂಟೀನಕ್ಕನ ಮನೆ. ಶೀಸೆಗೆ ಚೀಟಿ ಅಂಟಿಸಿ, ಪೆಟ್ಟಿಗೆ ಮುಚ್ಚಿ, ಅವನು ಹೊಸಿಲ ಪಕ್ಕದ ನೆರಳಲ್ಲಿ ಕುಕ್ಕರಿಸಿದ.

"ಈಗ ಪೈಪು ಬರುತ್ತಾ ಅಣ್ಣ?" ಎಂದು ಅವಳು ಕೇಳಿದಳು.

"ಗೊತ್ತಿಲ್ಲಮ್ಮ. ಎರಡು ಕೇರಿಯ ಪಟ್ಟಿ ಆಗ್ಲೇ ಹೋಗಿದೆ ಅಂತಿದ್ರು. ಇದನ್ನ ಆಮೇಲೆ ಸೇರಿಸ್ತಾರೋ ಏನೋ." ಅವನು ಕತ್ತಿನ ಬೆವರು ಒರೆಸಿಕೊಂಡ. ಆಮೇಲೆ, ಬಿಸಿಲಲ್ಲಿ ಅಲೆದ ಯಾವ ಮನುಷ್ಯನೂ ಯಾವ ಮನೆಯ ಬಾಗಿಲಲ್ಲೂ ಕೇಳುವ ಹಾಗೆ, ಯೋಚನೆಯಿಲ್ಲದೆ ಕೇಳಿದ:

"ಸ್ವಲ್ಪ ಕುಡಿಯೋಕೆ ನೀರು ಕೊಡ್ತೀಯಾ ತಾಯಿ?"

ಅವಳ ಕಾಲು ತಾನಾಗಿ ಒಳಗೆ ನಡೆಯಿತು. ಹಲಗೆಯ ಮೇಲೆ ಬೆಳಿಗ್ಗೆ ಕುದಿಸಿಟ್ಟ ಬಾಟಲಿ, ಮುಕ್ಕಾಲು ಇತ್ತು. ಕೈ ಅದರ ಕತ್ತಿನವರೆಗೆ ಹೋಯಿತು. ಮೂಲೆಯಲ್ಲಿ ಪುಸ್ತಕ ಹಿಡಿದು ಕೂತಿದ್ದ ಮಗಳು ತಲೆಯೆತ್ತಿ ಆ ಕೈಯನ್ನು ನೋಡಿದಳು.

ಕೈ ಹಿಂದಕ್ಕೆ ಬಂತು.

ಕ್ಯಾಂಟೀನಕ್ಕ ಹೊರಗೆ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಳು. "ಇಲ್ಲಣ್ಣ," ಎಂದಳು. "ಕುಡಿಯೋ ನೀರು ಇಲ್ಲ."

ಆ ಮಾತು ಅವಳ ಬಾಯಿಂದ ಯಾರಿಗೂ ಬಂದಿರಲಿಲ್ಲ. ಅವಳ ತಾಯಿಯ ಬಾಯಿಂದಲೂ ಅವಳು ಕೇಳಿರಲಿಲ್ಲ. ಅವನು ಒಂದು ಕ್ಷಣ ಅವಳನ್ನು ನೋಡಿದ. ಆಮೇಲೆ ಮಡಿಲಲ್ಲಿದ್ದ ಪೆಟ್ಟಿಗೆಯನ್ನು ನೋಡಿದ.

"ಆಯ್ತಮ್ಮ," ಎಂದು ಮೆಲ್ಲಗೆ ಹೇಳಿ, ಒಣಗಿದ ಬಾಯನ್ನು ಅಂಗೈಯಿಂದ ಒರೆಸಿಕೊಂಡು, ಪೆಟ್ಟಿಗೆ ಹೆಗಲಿಗೇರಿಸಿ ಬಿಸಿಲಿಗೆ ಇಳಿದ.

ಅವನು ಗೋಡೆ ದಾಟಿ ಮರೆಯಾಗುವವರೆಗೂ ಅವಳು ಅಲ್ಲೇ ನಿಂತಿದ್ದಳು. ಬೆನ್ನ ಹಿಂದೆ, ಮಗಳು ಎದ್ದು ಬಂದು ಬಾಟಲಿಯ ಮುಚ್ಚಳವನ್ನು ಇನ್ನೊಂದು ಸುತ್ತು ಬಿಗಿ ಮಾಡಿದ ಸದ್ದು ಕೇಳಿಸಿತು.